ಬೇಸಿಗೆಯ ರಜೆಗೊಂದು ಕಾದಂಬರಿ

(ವಾರ್ಷಿಕ ಸಮ್ಮೇಳನದ ಸಂದರ್ಭದಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪಾಲಕರು ಪ್ರತಿವರ್ಷವೂ ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: “ರಜೆಯಲ್ಲಿ ಹುಡುಗರು ಸುಮ್ಮನೆ ಬಿಸಿಲಲ್ಲಿ ತಿರುಗುತ್ತಾರೆ, ಓದಲಿಕ್ಕೆ ಒಂದು ಒಳ್ಳೆಯ ಪುಸ್ತಕ ಹೇಳಿರಿ.” ಪ್ರಶ್ನೆ ನೋಡಲು ಚಿಕ್ಕದು. ಉತ್ತರವಾಗಿ ಹತ್ತು ದೊಡ್ಡ ಹೆಸರುಗಳ ಪಟ್ಟಿಯೊಂದನ್ನು ಬರೆದುಕೊಟ್ಟು ಕೈತೊಳೆದುಕೊಳ್ಳುವುದೂ ಸುಲಭ. ಆದರೆ ಅಂಥ ಪಟ್ಟಿಯನ್ನು ಹಿಡಿದು ಓದಿದ ಮಗುವನ್ನು ನಾವು ಕಂಡದ್ದು ಬಹಳ ವಿರಳ. ಪಟ್ಟಿ ಗೋಡೆಯ ಮೇಲೆ ಉಳಿಯುತ್ತದೆ, ಮಗು ಬೀದಿಯಲ್ಲಿ ಉಳಿಯುತ್ತದೆ. ಆದುದರಿಂದ ಯಾವ ಕಾದಂಬರಿ ದೊಡ್ಡದು ಎಂಬುದಕ್ಕಿಂತ, ಗೋವೆಯಲ್ಲಿ ಬೆಳೆಯುತ್ತಿರುವ ನಮ್ಮ ಮಗುವಿನ ಕೈಗೆ ಯಾವುದನ್ನು ಕೊಟ್ಟರೆ ಅದು ಕೊನೆಯ ಪುಟದವರೆಗೂ ಹೋದೀತು ಎಂಬುದನ್ನು ಇಂದು ನಾವು ಕೂಡಿ ಯೋಚಿಸೋಣ.

ಮೊದಲು ನಮ್ಮ ಪರಿಸ್ಥಿತಿಯನ್ನು ನೆನೆಯಬೇಕು. 1961ರ ಡಿಸೆಂಬರ್ 19ರಂದು ಗೋವೆ ಪೋರ್ತುಗೀಜರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ತರುವಾಯ ಬಂದರು, ಗಣಿ, ಕಟ್ಟಡ, ಮೀನುಗಾರಿಕೆಗಳ ದುಡಿಮೆಯನ್ನು ನಂಬಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಕುಟುಂಬಗಳು ನಮ್ಮವು. ಹುಬ್ಬಳ್ಳಿಯ ಮಗು ಬಸ್ಸಿನ ಹಣೆಯ ಬರಹವನ್ನು ಓದಿ, ಅಂಗಡಿಯ ಫಲಕವನ್ನು ಓದಿ, ಚುರಮುರಿ ಕಟ್ಟಿಕೊಟ್ಟ ವೃತ್ತಪತ್ರಿಕೆಯ ತುಂಡನ್ನು ಓದಿ, ಯಾರೂ ಕಲಿಸದೆಯೇ ಕನ್ನಡವನ್ನು ಓದಲು ಕಲಿಯುತ್ತದೆ. ವಾಸ್ಕೋದ ನಮ್ಮ ಮಗುವಿಗೆ ಆ ಭಾಗ್ಯವಿಲ್ಲ. ಹೊರಗೆ ಕಾಣುವುದು ರೋಮನ್ ಲಿಪಿ ಮತ್ತು ದೇವನಾಗರಿ. ಕೇಳುವುದು ಕೊಂಕಣಿ, ಹಿಂದಿ, ಮರಾಠಿ. ಮೊಬೈಲಿನಲ್ಲಿ ಕನ್ನಡದ ಸಿನೆಮಾ ಬರುತ್ತದೆ, ನಿಜ. ಅದರಿಂದ ಕನ್ನಡವು ಕಿವಿಗೆ ಬಿದ್ದೀತೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಕನ್ನಡದ ಅಕ್ಷರ ಈ ಮಕ್ಕಳಿಗೆ ಸಿಕ್ಕುವುದು ಶಾಲೆಯ ನಾಲ್ಕು ಗೋಡೆಗಳ ಒಳಗೆ ಮಾತ್ರ. ಶಾಲೆಗೆ ಬೀಗ ಬಿದ್ದ ದಿನದಿಂದ ಜೂನಿನಲ್ಲಿ ಮಳೆಯೊಡನೆ ಅದು ಮತ್ತೆ ತೆರೆಯುವವರೆಗೆ ಮಗು ಒಂದು ಸಾಲು ಕನ್ನಡವನ್ನೂ ಕಾಣದೆ ಇರುವುದು ಸಾಧ್ಯ. ಜೂನಿನ ಮೊದಲ ವಾರದಲ್ಲಿ ಗಟ್ಟಿಯಾಗಿ ಓದಿಸಿದರೆ ಒತ್ತಕ್ಷರಗಳ ಬಳಿ ಅವು ಎಡವುವುದನ್ನು ಪ್ರತಿಯೊಬ್ಬ ಶಿಕ್ಷಕರೂ ಬಲ್ಲರು. ಹತ್ತನೆಯ ತರಗತಿ ಮುಗಿದ ಮೇಲಂತೂ ಮುಂದಿನ ವ್ಯಾಸಂಗವೆಲ್ಲ ಇಂಗ್ಲಿಷಿನಲ್ಲಿ. ಆ ಬೇಸಿಗೆಯಲ್ಲಿ ಕೈಬಿಟ್ಟ ಕನ್ನಡವನ್ನು ಅನೇಕರು ಮರಳಿ ಹಿಡಿಯುವುದೇ ಇಲ್ಲ.

ಮುದ್ರಣಯಂತ್ರವು ಭಾರತದ ನೆಲಕ್ಕೆ ಮೊಟ್ಟಮೊದಲು ಇಳಿದದ್ದು 1556ರಲ್ಲಿ, ಇದೇ ಗೋವೆಯಲ್ಲಿ. ಪಣಜಿಯ ಸಾರ್ವಜನಿಕ ಗ್ರಂಥಾಲಯ 1832ರಷ್ಟು ಹಿಂದೆ ಸ್ಥಾಪಿತವಾದುದು. ಪುಸ್ತಕಕ್ಕೆ ಇಷ್ಟು ಹಳೆಯ ನಂಟುಳ್ಳ ನಾಡಿನಲ್ಲಿ ಇದ್ದುಕೊಂಡು ನಾವು ಒಂದು ಕನ್ನಡ ಕಾದಂಬರಿಗಾಗಿ ಊರಿಗೆ ಹೋಗುವವರ ಕೈಯಲ್ಲಿ ಹೇಳಿ ಕಳುಹುತ್ತೇವೆ, ಇಲ್ಲವೆ ಅಂಚೆಯಲ್ಲಿ ತರಿಸುತ್ತೇವೆ. ಹೀಗೆ ಕಷ್ಟಪಟ್ಟು ತರಿಸುವ ಪುಸ್ತಕವನ್ನು ಆರಿಸುವಾಗ ಎಚ್ಚರ ಬೇಡವೆ?

ಕಾದಂಬರಿಯೇ ಏಕೆ, ಸಣ್ಣ ಕಥೆಗಳು ಸಾಲವೆ ಎಂದು ಕೆಲವರು ಕೇಳುತ್ತಾರೆ. ಸಣ್ಣ ಕಥೆ ಉತ್ತಮವಾದ ಪ್ರಕಾರ, ಸಂದೇಹವಿಲ್ಲ. ಆದರೆ ಎಡವುತ್ತ ಓದುವ ಮಗುವಿಗೆ ಓದಿನ ಓಟ ಸಿಕ್ಕುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಕಾದಂಬರಿ ಹಾಗಲ್ಲ. ಮೊದಲ ಇಪ್ಪತ್ತು ಪುಟ ಏರುದಾರಿ. ಆಮೇಲೆ ಹೆಸರುಗಳು ಪರಿಚಯವಾಗುತ್ತವೆ, ಅವೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ, ಲೇಖಕನ ವಾಕ್ಯದ ನಡಿಗೆ ಕಾಲಿಗೆ ಹೊಂದುತ್ತದೆ. ಎರಡು ವಾರ ಒಂದೇ ಪುಸ್ತಕದ ಜನರೊಡನೆ ಬಾಳಿದ ಮಗು ಮೂರನೆಯ ವಾರದಲ್ಲಿ ತಾನು ಕನ್ನಡ ಓದುತ್ತಿದ್ದೇನೆಂಬುದನ್ನೇ ಮರೆತಿರುತ್ತದೆ. ನಮಗೆ ಬೇಕಾದದ್ದು ಆ ಮರೆವು.

ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆಂಬ ಹಳೆಯ ಅಂಜಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ಅದಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಕಾಲದಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅವುಗಳನ್ನು ಓದಲೆಂದೇ ಅಕ್ಷರಕ್ಕೆ ಒಲಿದರು. ಆ ಮನೆಗಳು ಕೆಡಲಿಲ್ಲ.

ಇನ್ನು ಆಯ್ಕೆಯ ಮಾತು. ನಾವು ಅನುಸರಿಸುವ ಪರೀಕ್ಷೆ ಸರಳವಾದುದು. ಪುಸ್ತಕದ ಮೊದಲ ಹತ್ತು ಪುಟಗಳನ್ನು ಮನೆಯಲ್ಲಿ, ಅಡುಗೆಯ ಒಲೆಯ ಬಳಿ, ಗಟ್ಟಿಯಾಗಿ ಓದಬೇಕು. ರೊಟ್ಟಿ ಬಡಿಯುತ್ತಿರುವ ತಾಯಿ “ಮುಂದೇನಾತು?” ಎಂದು ಕೇಳಿದರೆ ಆ ಪುಸ್ತಕ ಆ ಮನೆಗೆ ತಕ್ಕದ್ದು. ಅವಳು ಏನೂ ಕೇಳದಿದ್ದರೆ, ಲೇಖಕರು ಎಷ್ಟೇ ಪ್ರಸಿದ್ಧರಿರಲಿ, ಪುಸ್ತಕವನ್ನು ಗೌರವದಿಂದ ಬೀರುವಿಗೆ ಹಿಂತಿರುಗಿಸಿ ಇನ್ನೊಂದನ್ನು ಒಯ್ಯಬೇಕು. ನಮ್ಮ ಅನೇಕ ತಾಯಂದಿರಿಗೆ ಓದಲು ಬಾರದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಓದು ಬಾರದ ತಾಯಿಯ ಕಿವಿ ಬಹಳ ಸೂಕ್ಷ್ಮವಾದುದು. ಸುಳ್ಳು ಮಾತು ಯಾವುದು, ನಿಜವಾಗಿ ಜನ ಆಡುವ ಮಾತು ಯಾವುದು ಎಂಬುದನ್ನು ಅವಳು ಪಂಡಿತರಿಗಿಂತ ಮೊದಲು ಹಿಡಿಯುತ್ತಾಳೆ.

ಆಡುಮಾತಿನ ವಿಷಯ ಬಂದುದರಿಂದ ಇಲ್ಲಿ ತುಸು ನಿಲ್ಲಬೇಕಾಗಿದೆ. ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಕಲಿಯುವುದು ಗ್ರಂಥಸ್ಥ ಕನ್ನಡ. ಮನೆಯಲ್ಲಿ ಆಡುವುದು “ಹೋಗೂಣು ನಡಿ”, “ಏನ್ ಮಾಡಾಕತ್ತಿ”, “ಹಂಗಂದ್ರ ಹೆಂಗ” ಎಂಬ ಕನ್ನಡ. ಇವೆರಡರ ನಡುವೆ ಸಿಕ್ಕ ಮಗು ತನ್ನ ಮನೆಯ ಮಾತು ತಪ್ಪು, ಅವ್ವ ಆಡುವುದು ಕೆಟ್ಟ ಕನ್ನಡ ಎಂದು ಭಾವಿಸಿಕೊಳ್ಳುತ್ತದೆ. ಹೊರಗೆ ಕೊಂಕಣಿಗರ ಮುಂದೆ ಕನ್ನಡಕ್ಕೆ ಸಂಕೋಚ, ಒಳಗೆ ಪುಸ್ತಕದ ಮುಂದೆ ಮನೆಯ ಮಾತಿಗೆ ಸಂಕೋಚ! ಎರಡು ಸಂಕೋಚಗಳ ನಡುವೆ ಭಾಷೆ ಬದುಕುವುದೆಂತು? ಇಂಥ ಮಗುವಿಗೆ ರಾವಬಹಾದ್ದೂರರ ‘ಗ್ರಾಮಾಯಣ’ದ ಸಂಭಾಷಣೆಗಳನ್ನು ಓದಿ ತೋರಿಸಬೇಕು. ಉತ್ತರ ಕರ್ನಾಟಕದ ಹಳ್ಳಿಯೊಂದು ರೋಗರುಜಿನ, ಪಕ್ಷಪಂಗಡಗಳ ನಡುವೆ ಕುಸಿಯುತ್ತ ಹೋಗುವುದನ್ನು ಆ ಸೀಮೆಯ ಮಾತಿನಲ್ಲಿಯೇ ಹೇಳಿದ ಕೃತಿ ಅದು. ತನ್ನ ಅಜ್ಜನ ಮಾತು ಅಚ್ಚಿನಲ್ಲಿ ಬಂದಿದೆ, ಅದನ್ನು ಕನ್ನಡದ ವಿದ್ವಾಂಸರೆಲ್ಲ ಮೆಚ್ಚಿದ್ದಾರೆ ಎಂದು ತಿಳಿದಾಗ ಮಗುವಿನ ಮುಖ ಅರಳುವುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ಪುಸ್ತಕ ದೊಡ್ಡದು, ಎಂಟನೆಯ ತರಗತಿಯವರು ಒಬ್ಬರೇ ಓದಿ ಮುಗಿಸುವಂಥದಲ್ಲ. ಅಪ್ಪನೋ ಅಣ್ಣನೋ ಜೊತೆಗೆ ಕುಳಿತರೆ ಬೇಸಿಗೆಯಿಡೀ ಸಾಗೀತು. ಬೆಳಗಾವಿಯ ಗಡಿಸೀಮೆಯಿಂದ ಬಂದ ಮನೆಗಳಿಗೆ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಹಾಗೆಯೇ ಹತ್ತಿರವಾಗುತ್ತದೆ.

ಮನೆಯ ಮಾತಿನಿಂದ ಮನೆಯ ದುಡಿಮೆಗೆ ಬರೋಣ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಗಾತ್ರದಲ್ಲಿ ಚಿಕ್ಕದು; ಒಂಬತ್ತನೆಯ ತರಗತಿಯವರು ಮೂರು ನಾಲ್ಕು ದಿನಗಳಲ್ಲಿ ಓದಿ ಮುಗಿಸಬಹುದು. ಸ್ವಂತ ಬೇಸಾಯ ಮಾಡಬೇಕೆಂಬ ಒಂದೇ ಆಸೆಯನ್ನಿಟ್ಟುಕೊಂಡ ದಲಿತ ಚೋಮನಿಗೆ ಆ ತುಂಡು ನೆಲ ದಕ್ಕುವುದಿಲ್ಲ. ಸಾಲವನ್ನು ತೀರಿಸಲು ಮಕ್ಕಳು ಕಾಫಿಯ ತೋಟಕ್ಕೆ ದುಡಿಯಲು ಹೋಗಬೇಕಾಗುತ್ತದೆ. ಸಾಲಕ್ಕಾಗಿ ಊರು ಬಿಡುವುದೆಂದರೇನೆಂಬುದನ್ನು ನಮ್ಮ ಅನೇಕ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಇದು ದುಃಖದ ಕಥೆ, ಮಕ್ಕಳಿಗೆ ಬೇಡ ಎನ್ನುವ ಪಾಲಕರಿದ್ದಾರೆ. ದುಃಖದ ಕಥೆಗೆ ಮಕ್ಕಳು ಅಂಜುವುದಿಲ್ಲ. ಬೇಸರದ ಕಥೆಗೆ ಅಂಜುತ್ತಾರೆ.

ಅದೇ ಕಾರಂತರ ‘ಬೆಟ್ಟದ ಜೀವ’ವನ್ನು ನಾವು ಊರಿಗೆ ಹೋಗುವ ಮಕ್ಕಳ ಕೈಯಲ್ಲಿ ಕೊಡುತ್ತೇವೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಗೋಪಾಲಯ್ಯ, ಶಂಕರಿ ಎಂಬ ವೃದ್ಧ ದಂಪತಿಗಳು. ಮನೆ ಬಿಟ್ಟು ಹೋದ ಮಗ. ದಾರಿ ತಪ್ಪಿ ಬಂದ ಅತಿಥಿಯೊಬ್ಬನಿಗೆ ಅವರು ಮಾಡುವ ಉಪಚಾರ. ಹೇಳಿಕೊಳ್ಳುವಂಥ ದೊಡ್ಡ ಘಟನೆಗಳು ಅದರಲ್ಲಿಲ್ಲ. ಆದರೆ ವಾಸ್ಕೋದಿಂದ ರೈಲು ಹತ್ತಿ, ದೂಧಸಾಗರದ ಘಟ್ಟವೇರಿ, ಕ್ಯಾಸಲ್ ರಾಕ್, ಲೋಂಡಾ ದಾಟಿ ಊರು ಸೇರುವ ಮಗು ಅಲ್ಲಿ ಕಾಣುವುದೇನು? ಮಗ ಸೊಸೆಯರು ಗೋವೆಗೆ ಹೋದ ಮೇಲೆ ಖಾಲಿಯಾದ ಮನೆ, ಕಟ್ಟೆಯ ಮೇಲೆ ಕುಳಿತ ಅಜ್ಜ, ಮೊಮ್ಮಕ್ಕಳು ಬರುವರೆಂದು ಹಪ್ಪಳ ಶೆಂಡಿಗೆ ಒಣಗಿಸಿಟ್ಟ ಅಜ್ಜಿ. ಆ ಪುಸ್ತಕವನ್ನು ಅಲ್ಲಿ, ಆ ಕಟ್ಟೆಯ ಮೇಲೆ, ಅಜ್ಜನಿಗೆ ಓದಿ ಹೇಳಿದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಹುಡುಗರು ಸಾಹಸ ಬೇಕೆನ್ನುತ್ತಾರೆ. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇದೆ. ಈ ಹೆಸರನ್ನು ನೋಡಿದೊಡನೆ ನಮ್ಮ ಹುಡುಗರು ನಗುತ್ತಾರೆ, ಏಕೆಂದರೆ ಆ ಮನೆತನದ ಹೆಸರಿನವರು ಇಲ್ಲಿ ಬೀದಿಬೀದಿಯಲ್ಲಿದ್ದಾರೆ! ಕಾದಂಬರಿಯ ಕರ್ವಾಲೊ ಮೂಡಿಗೆರೆಯ ಸೀಮೆಯಲ್ಲಿರುವ ಒಬ್ಬ ವಿಜ್ಞಾನಿ. ಅವರೂ ಕಥೆ ಹೇಳುವ ಕೃಷಿಕನೂ ಕೂಡಿ ಹಾರುವ ಓತಿಯೊಂದನ್ನು ಅರಸುತ್ತ ಕಾಡನ್ನು ಹೊಗುತ್ತಾರೆ. ಅವರಿಗೆ ದಾರಿ ತೋರುವವನು ಮಂದಣ್ಣ, ಲೋಕದ ಕಣ್ಣಿಗೆ ಹಳ್ಳಿಯ ಗಮಾರ. ಆದರೆ ದೊಡ್ಡ ವಿಜ್ಞಾನಿಯೇ ಅವನ ಕಣ್ಣಿನ ಚುರುಕಿಗೆ ತಲೆದೂಗುತ್ತಾರೆ. ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಅಂಕಗಳಿಲ್ಲದೆ ಕುಗ್ಗಿದ ಹುಡುಗನಿಗೆ ಈ ಪುಸ್ತಕವನ್ನು ಮೊದಲು ಕೊಡಿರಿ. ನಗೆಯೂ ಇದರಲ್ಲಿ ಧಾರಾಳವಾಗಿದೆ. ಕಿವಿ ಎಂಬ ನಾಯಿಯೂ ಇದೆ. ರಜೆಯ ಪುಸ್ತಕಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾವು ಇದನ್ನು ಆರಿಸುವೆವು.

ಗೋವೆಯ ಬೇಸಿಗೆಗೆ ವಿಶೇಷವಾಗಿ ಒಪ್ಪುವ ಇನ್ನೊಬ್ಬ ಲೇಖಕರಿದ್ದಾರೆ. ಸಾಂಗೆ ತಾಲೂಕಿನ ಕುರ್ಡಿ ಎಂಬ ಗ್ರಾಮ ಸಾಳಾವಳಿ ಅಣೆಕಟ್ಟಿನ ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿತು. ಹಿರಿಯ ಗಾಯಕಿ ಮೋಗೂಬಾಯಿ ಕುರ್ಡೀಕರರ ಊರದು. ಪ್ರತಿವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಆ ಊರಿನ ಅವಶೇಷಗಳು ಮೇಲೆ ಕಾಣಿಸುತ್ತವೆ. ಚದುರಿಹೋದ ಜನ ಅಂದು ಅಲ್ಲಿಗೆ ಮರಳಿ ಬಂದು ತಮ್ಮ ದೇವರಿಗೆ ಪೂಜೆ ಪ್ರಾರ್ಥನೆಗಳನ್ನು ಸಲ್ಲಿಸಿ ಹೋಗುತ್ತಾರೆ. ಈ ಸಂಗತಿಯನ್ನು ಮಕ್ಕಳಿಗೆ ಹೇಳಿ, ಸಾಧ್ಯವಾದರೆ ಒಯ್ದು ತೋರಿಸಿ, ಅನಂತರ ನಾ. ಡಿಸೋಜರ ಪುಸ್ತಕಗಳನ್ನು ಕೈಗೆ ಕೊಡಬೇಕು. 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಬಾಳನ್ನು ಅವರಷ್ಟು ಹತ್ತಿರದಿಂದ ಬರೆದವರು ಕನ್ನಡದಲ್ಲಿ ವಿರಳ. ಸುತ್ತ ನೀರು ಏರುತ್ತಿರಲು ಗುಡ್ಡದ ಮೇಲೆ ಉಳಿದ ಮನೆಯೊಂದರ ಕಥೆಯಾದ ‘ದ್ವೀಪ’ ದೊಡ್ಡ ಮಕ್ಕಳಿಗೆ. ‘ಮುಳುಗಡೆಯ ಊರಿಗೆ ಬಂದವರು’ ಚಿಕ್ಕವರಿಗೆಂದೇ ಬರೆದದ್ದು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದದ್ದು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು.

ಡಿಸೋಜರ ಮನೆಮಾತು ಕೊಂಕಣಿ. ಕೊಂಕಣಿಯ ನಾಡಿನಲ್ಲಿ ನೆಲೆನಿಂತ ನಾವು ಈ ಮಾತನ್ನು ನಮ್ಮ ಮಕ್ಕಳಿಗೂ ನಮ್ಮ ನೆರೆಯವರಿಗೂ ತಪ್ಪದೆ ಹೇಳಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಖ್ಯಾತವಾದ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದನ್ನು ಬರೆದ ಗುಲ್ವಾಡಿ ವೆಂಕಟರಾಯರು ಮನೆಯಲ್ಲಿ ಕೊಂಕಣಿ ಆಡುವ ಸಾರಸ್ವತರು. ‘ಶಿಕಾರಿ’ಯನ್ನು ಬರೆದ ಹನೇಹಳ್ಳಿಯ ಯಶವಂತ ಚಿತ್ತಾಲರ ತಾಯ್ನುಡಿಯೂ ಕೊಂಕಣಿಯೇ. ‘ಚಿಕವೀರ ರಾಜೇಂದ್ರ’ದ ಮಾಸ್ತಿಯವರ ಮನೆಯಲ್ಲಿ ತಮಿಳು. ಮನೆಯಲ್ಲೊಂದು, ಬೀದಿಯಲ್ಲೊಂದು, ಪುಸ್ತಕದಲ್ಲೊಂದು ಭಾಷೆಯಿದ್ದರೆ ಮಗುವಿನ ತಲೆ ಕೆಡುತ್ತದೆಂದು ಹೆದರಿಸುವವರಿಗೆ ಈ ಹೆಸರುಗಳನ್ನು ಹೇಳಿರಿ. ಇನ್ನೊಂದು ಕಡೆ ನೋಡಿ: ಕಾರವಾರದ ಕಡೆಯಲ್ಲಿ ಹುಟ್ಟಿದ ಮಹಾಬಳೇಶ್ವರ ಸೈಲರು ಕಾಳಿ ನದಿಯ ತೀರದ ಬಾಳನ್ನು ‘ಕಾಳಿಗಂಗಾ’ ಎಂದು ಕೊಂಕಣಿಯಲ್ಲಿ ಬರೆದರು, ಅವರ ‘ಹಾವಠಣ’ ಕಾದಂಬರಿಗೆ 2016ರ ಸರಸ್ವತಿ ಸಮ್ಮಾನ ಬಂದಿತು. ಗೋವೆಯ ಮಾಜೋರ್ಡಾದ ದಾಮೋದರ ಮಾವಜೋರ ‘ಕಾರ್ಮೆಲಿನ್’ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾದಂಬರಿ. ದೇವನಾಗರಿಯನ್ನು ಬಲ್ಲ ನಮ್ಮ ಮೇಲಿನ ತರಗತಿಗಳ ಮಕ್ಕಳು ಇವನ್ನೂ ಮೆಲ್ಲಗೆ ಓದಬಲ್ಲರು, ಓದಬೇಕು ಕೂಡ. ಕಾದಂಬರಿ ಎಂಬ ಶಬ್ದವೇ ಕನ್ನಡ, ಮರಾಠಿ, ಕೊಂಕಣಿ ಮೂರಕ್ಕೂ ಸಮಾನವಾಗಿರುವಾಗ ನಾವೇಕೆ ಬೇಲಿ ಹಾಕಿಕೊಳ್ಳಬೇಕು?

ಹೆಣ್ಣುಮಕ್ಕಳಿಗೆ ಯಾವುದು ಎಂದು ಪ್ರತ್ಯೇಕವಾಗಿ ಕೇಳುವವರಿದ್ದಾರೆ. ಹೆಣ್ಣುಮಕ್ಕಳಿಗೊಂದು, ಗಂಡುಮಕ್ಕಳಿಗೊಂದು ಎಂಬ ಭೇದ ನಮಗೆ ಒಪ್ಪಿಗೆಯಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬರ ದೀರ್ಘ ಬದುಕಿನ ಚಿತ್ರ, ನಿಜವಾಗಿ ಬಾಳಿದ್ದ ವ್ಯಕ್ತಿಯನ್ನು ಆಧರಿಸಿದ್ದು. ಅದನ್ನು ಹುಡುಗರೂ ಓದಬೇಕು, ಅವರೇ ಮೊದಲು ಓದಬೇಕು. ತ್ರಿವೇಣಿಯವರ ಕಾದಂಬರಿಗಳನ್ನು ತಾಯಂದಿರು ಓದಿ, ಮಗಳ ವಯಸ್ಸನ್ನು ನೋಡಿ ಕೊಡಬಹುದು. ಸಿನೆಮಾ ನೋಡಿದ್ದೇವೆ, ಪುಸ್ತಕವೇಕೆ ಎನ್ನುವ ಮಕ್ಕಳಿಗೆ ‘ನಾಗರಹಾವು’ ಚಿತ್ರವನ್ನು ನೆನಪಿಸಿ ತ. ರಾ. ಸು. ಅವರ ಪುಸ್ತಕವನ್ನು ಕೊಟ್ಟರೆ, ಎರಡಕ್ಕೂ ಎಲ್ಲಿ ವ್ಯತ್ಯಾಸ ಎಂದು ಪತ್ತೆ ಹಚ್ಚುವ ಹಟದಿಂದಲಾದರೂ ಓದುತ್ತಾರೆ.

ಇನ್ನೂ ಚಿಕ್ಕವರಿಗೆ, ಐದು ಆರನೆಯ ತರಗತಿಯವರಿಗೆ, ಜಪಾನಿನ ತೆತ್ಸುಕೊ ಕುರೊಯಾನಾಗಿ ಅವರ ‘ತೊತ್ತೊ ಚಾನ್’ ಕನ್ನಡದಲ್ಲಿ ದೊರೆಯುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನವರು ಪ್ರಕಟಿಸಿದ್ದಾರೆ. ಅದು ಲೇಖಕಿಯ ಬಾಲ್ಯದ ನೆನಪುಗಳ ಪುಸ್ತಕ, ಆದರೂ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ. ಹಳೆಯ ರೈಲಿನ ಡಬ್ಬಿಗಳೇ ಅದರ ಶಾಲೆಯ ತರಗತಿಗಳು. ಶಿಕ್ಷಕರಾದ ನಾವೂ ಅದನ್ನು ವರ್ಷಕ್ಕೊಮ್ಮೆ ಓದುವುದು ಲೇಸು. ಅದರ ಮುಖ್ಯೋಪಾಧ್ಯಾಯರು ಹೊಸದಾಗಿ ಬಂದ ಹುಡುಗಿಯ ಮಾತನ್ನು ತಾಸುಗಟ್ಟಲೆ ಕುಳಿತು ಕೇಳುತ್ತಾರೆ.

ಕೊಡಬಾರದ ಪುಸ್ತಕಗಳಾವುವು? ಕೆಟ್ಟ ಪುಸ್ತಕಗಳ ಮಾತನ್ನು ನಾವು ಆಡುತ್ತಿಲ್ಲ. ಒಳ್ಳೆಯವುಗಳಲ್ಲಿಯೇ ಕೆಲವು ಕಾಯಬಲ್ಲಂಥವು. ‘ಮಲೆಗಳಲ್ಲಿ ಮದುಮಗಳು’, ‘ಸಂಸ್ಕಾರ’, ‘ಶಿಕಾರಿ’, ‘ಪರ್ವ’: ಇವನ್ನು ಹದಿಮೂರು ವರ್ಷದ ಮಗುವಿನ ಕೈಗೆ ಕೊಟ್ಟು, ಅದು ಮೂವತ್ತನೆಯ ಪುಟದಲ್ಲಿ ನಿಂತುಬಿಟ್ಟರೆ, ಆ ಮಗು ಮುಂದೆ ಇಪ್ಪತ್ತೈದನೆಯ ವಯಸ್ಸಿನಲ್ಲಿಯೂ ಆ ಪುಸ್ತಕವನ್ನು ಕಂಡು ದೂರ ಸರಿಯುತ್ತದೆ. ದೊಡ್ಡ ಕೃತಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅವುಗಳ ಸಂಕ್ಷಿಪ್ತ ರೂಪಗಳನ್ನು ಕೊಡುವುದು ನಮಗೆ ಇನ್ನೂ ಹಿಡಿಸದು. ಸಣ್ಣ ಪುಸ್ತಕವನ್ನು ಇಡಿಯಾಗಿ ಓದುವುದು ಲೇಸು, ದೊಡ್ಡದನ್ನು ಕತ್ತರಿಸಿ ಓದುವುದಲ್ಲ.

ಗುರುಬಂಧುಗಳಲ್ಲಿ ಒಂದು ಬಿನ್ನಹವಿದೆ. ಜೂನಿನಲ್ಲಿ ಮಗು ಮರಳಿ ಬಂದಾಗ ಕಥೆಯ ಸಾರಾಂಶವನ್ನು ಬರೆದು ತಾ ಎನ್ನಬೇಡಿರಿ. ಪಾತ್ರಗಳ ಸ್ವಭಾವವನ್ನು ವಿವರಿಸು ಎಂದು ಕೇಳಿದ ಕ್ಷಣದಲ್ಲಿ ರಜೆಯ ಪುಸ್ತಕ ಪಠ್ಯಪುಸ್ತಕವಾಗಿ ಬಿಡುತ್ತದೆ. ಯಾರಿಗೆ ಓದಿ ಹೇಳಿದೆ, ಅವರು ಏನಂದರು ಎಂದಷ್ಟೇ ಕೇಳಿರಿ. ಸಂಸ್ಥೆಯ ಪೋಷಕರಲ್ಲಿಯೂ ಒಂದು ಮಾತು. ಪುಸ್ತಕಗಳು ಊರಿಗೆ ಹೋಗಿ ಬರುವಾಗ ಮಾವಿನ ಹಣ್ಣಿನ ರಸ ತಾಗಿಸಿಕೊಂಡು ಬರುತ್ತವೆ, ಹೊದಿಕೆ ಹರಿದುಕೊಂಡು ಬರುತ್ತವೆ. ಒಂದೆರಡು ಮರಳಿ ಬರುವುದೇ ಇಲ್ಲ. ಇದನ್ನು ಲೆಕ್ಕಪತ್ರದಲ್ಲಿ ನಷ್ಟವೆಂದು ಬರೆಯಬಾರದಾಗಿ ಪ್ರಾರ್ಥಿಸುತ್ತೇವೆ. ಊರಿನಲ್ಲಿ ಉಳಿದ ಪುಸ್ತಕವನ್ನೂ ಯಾರೋ ಓದುತ್ತಿರುತ್ತಾರೆ. ಬೀರುವಿನಲ್ಲಿ ಹೊಳೆಯುತ್ತ ಕುಳಿತ ಪುಸ್ತಕವೇ ನಿಜವಾದ ನಷ್ಟ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ನಂಬಿ ಪುಸ್ತಕಗಳನ್ನು ಹೊರತಂದ ಸಂಸ್ಥೆ. ಅದೇ ಮಾದರಿಯಲ್ಲಿ ಪೋಷಕರೊಬ್ಬೊಬ್ಬರು ವರ್ಷಕ್ಕೆ ಎರಡು ಕಾದಂಬರಿಗಳ ಬೆಲೆಯನ್ನು ವಹಿಸಿಕೊಂಡರೆ, ಎಂಟರಿಂದ ಹತ್ತನೆಯ ತರಗತಿಯವರೆಗಿನ ಪ್ರತಿಯೊಂದು ಮಗುವಿನ ಚೀಲದಲ್ಲಿಯೂ ಊರಿಗೆ ಹೊರಡುವ ದಿನ ಒಂದು ಪುಸ್ತಕವಿದ್ದೀತು.

ಪರೀಕ್ಷೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆಯವರೆಗೆ ಪುಸ್ತಕದ ಬೀರು ತೆರೆದಿರುತ್ತದೆ. ಮಕ್ಕಳೊಡನೆ ತಾಯಂದಿರೂ ಬರಬೇಕು. ಹತ್ತು ಪುಟಗಳನ್ನು ಅಲ್ಲಿಯೇ ಓದಿ ಹೇಳಲು ಮೇಲಿನ ತರಗತಿಯ ಹುಡುಗಿಯರು ಇರುತ್ತಾರೆ. ‘ಬೆಟ್ಟದ ಜೀವ’ದ ಪ್ರತಿಗಳು ಸಾಕಷ್ಟಿವೆ. ‘ಕರ್ವಾಲೊ’ ಎರಡೇ ಪ್ರತಿಗಳಿರುವುದರಿಂದ ಬೇಕಾದವರು ಬೇಗ ಬರುವುದು ಒಳ್ಳೆಯದು.